ಬಾಡಿಗೆ ಬಾಯಿ

ನಮ್ಮ ಯಜಮಾನರ ಬಾಯಿಂದ ನೀರು ಹೋಗಿ ಇಪ್ಪತ್ತೈದು ವರ್ಷವಾಯಿತು. ಊಟದ ನಡುವೆ ಬಿಕ್ಕಳಿಕೆ ಬಂದರೆ ಲೋಟ ತೋರಿಸಿ "ಅದು ಕಣೆ, ಆ ಕುಡಿಯೋದು" ಅನ್ನುತ್ತಾರೆ. ಆಮೇಲೆ ಬೀದಿದೀಪ ಹೋಯಿತು, ಆಸ್ಪತ್ರೆ ಹೋಯಿತು, ಚರಂಡಿ ಹೋಯಿತು. ಚರಂಡಿ ಹೋದದ್ದಕ್ಕೆ ನನಗೇನೂ ಬೇಸರವಿಲ್ಲ, ಮನೆಯೊಳಗೆ ಆ ಪದಕ್ಕೆ ಅಷ್ಟೇನೂ ಕೆಲಸವಿರಲಿಲ್ಲ. ಆದರೆ ಐದು ವರ್ಷದ ಹಿಂದೆ ಇನ್ನೊಂದು ಹೋಯಿತಲ್ಲ, ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ನನ್ನ ಕಾಲು ಜೋರಾಗುತ್ತದೆ, ದಾರ ಕಿತ್ತುಹೋಗುತ್ತದೆ.

ನಮ್ಮೂರಿನಲ್ಲಿ ಮಾತು ಕೊಟ್ಟರೆ ಕೊಟ್ಟಂತೆಯೇ ಲೆಕ್ಕ, ಅದು ಮತ್ತೆ ನಿಮ್ಮ ಹತ್ತಿರ ಇರುವುದಿಲ್ಲ. ಏನನ್ನು ಮಾಡಿಕೊಡುತ್ತೇನೆ ಅಂದಿರೋ ಅದರ ಹೆಸರು ಬಾಯಿಂದ ಹೋಗುತ್ತದೆ. ಮಾಡಿಕೊಟ್ಟ ದಿನ ವಾಪಸು ಬರುತ್ತದೆ. ಬರೆಯಬಹುದು, ಕೈಗೇನೂ ಅಡ್ಡಿಯಿಲ್ಲ. ಹೇಳಲು ಹೋದರೆ ಮಾತ್ರ ಬಾಯಿ ತೆರೆದುಕೊಳ್ಳುತ್ತದೆ, ಸದ್ದು ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಹೊಗೆಯಲ್ಲಿ ಕೆಮ್ಮುತ್ತಿದ್ದ ನನ್ನನ್ನು ನೋಡಿ, ಅಡುಗೆಮನೆಗೆ ಕಿಟಕಿ ಇಡಿಸಿಕೊಡ್ತೀನಿ ಕಣೆ ಭದ್ರಾ ಅಂದುಬಿಟ್ಟರು. ನಾಲ್ಕು ವರ್ಷ ಅವರ ಬಾಯಲ್ಲಿ ಕಿಟಕಿ ಇರಲಿಲ್ಲ. ಬಸ್ಸಿನಲ್ಲಿ ಕೂತರೆ "ಆ ಗಾಳಿ ಬರೋದನ್ನ ಮುಚ್ಚಿ" ಅನ್ನುತ್ತಿದ್ದರು. ಕೊನೆಗೊಂದು ಭಾನುವಾರ ತಾವೇ ಹಾರೆ ಹಿಡಿದು ಗೋಡೆ ಒಡೆದು ಚೌಕಟ್ಟು ಕೂರಿಸಿದರು. ಮೈಯೆಲ್ಲ ಮಣ್ಣು ಮಾಡಿಕೊಂಡು ಹೊರಗೆ ನಿಂತು, ಆ ಕಿಂಡಿಯಿಂದ ಮುಖ ಹಾಕಿ "ಕಿಟಕಿ! ಭದ್ರಾ, ಕಿಟಕಿ!" ಅಂದರು. ಅಂಥ ಮನುಷ್ಯ ಅವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರನ್ನು ಸಾಕಷ್ಟು ಬೈಯುವುದಿದೆ.

ಇಂಥ ಊರಿನಲ್ಲಿ ಸಂಸಾರ ಮಾಡುವವರು ಬಾಯಿ ಬಿಗಿಹಿಡಿಯಲು ಕಲಿತಿರುತ್ತಾರೆ. ಮಗು ಬೊಂಬೆ ಕೇಳಿದರೆ ತಾಯಿ "ನೋಡೋಣ" ಅನ್ನುತ್ತಾಳೆ. ದೀಪಾವಳಿಗೆ ಬರ್ತೀರಾ ಅಂದರೆ ಅಳಿಯ "ನೋಡೋಣ" ಅನ್ನುತ್ತಾನೆ. ನಾನು ದರ್ಜಿ, ನನ್ನ ಕಥೆ ಕೇಳಲೇಬೇಡಿ. ಒಮ್ಮೆ ಮರೆತು ಶುಕ್ರವಾರಕ್ಕೆ ರವಿಕೆ ಕೊಡ್ತೀನಿ ಅಂದು, ಮೂರು ವಾರ "ಆ ಮೇಲೆ ಹಾಕೋದು, ತೋಳಿರೋದು" ಅನ್ನುತ್ತ ಕೂತಿದ್ದೆ. ಅಲ್ಲಿಂದೀಚೆಗೆ ನಮ್ಮ ಅಂಗಡಿಯ ಬಾಗಿಲಿನ ಮೇಲೇ ಸೀಮೆಸುಣ್ಣದಲ್ಲಿ "ನೋಡೋಣ" ಅಂತ ಬರೆದಿದ್ದೇನೆ. ಬಂದವರು ಓದಿಕೊಂಡು ಬಟ್ಟೆ ಕೊಟ್ಟು ಹೋಗುತ್ತಾರೆ.

ಚುನಾವಣೆಗೆ ನಿಲ್ಲುವವರಿಗೆ ಮಾತ್ರ ಈ ಊರಿನ ಬಿಸಿ ತಟ್ಟುವುದಿಲ್ಲ. ಮೊದಲು ಹಾಗಿರಲಿಲ್ಲವಂತೆ. ನಮ್ಮ ಮಾವನವರ ಕಾಲದ ಪಂಚಾಯಿತಿ ಅಧ್ಯಕ್ಷರೊಬ್ಬರು ಕೆರೆ ಮಾಡಿಸಿಕೊಡುತ್ತೇನೆ ಅಂದು, ಆ ಪದವಿಲ್ಲದೆ ಎಂಟು ತಿಂಗಳು ಒದ್ದಾಡಿ, ಕೊನೆಗೆ ಪಂಚೆ ಎತ್ತಿಕಟ್ಟಿ ತಾವೇ ಗುದ್ದಲಿ ಹಿಡಿದರಂತೆ. ಈಗಿನವರು ಅಷ್ಟು ದಡ್ಡರಲ್ಲ. ಬಾಡಿಗೆ ಬಾಯಿ ತರುತ್ತಾರೆ. ನಮ್ಮ ಶಾಸಕ ಮುದ್ದರಾಜಯ್ಯ ವೇದಿಕೆಯ ಮೇಲೆ ಕೈ ಮುಗಿದುಕೊಂಡು ನಗುತ್ತ ನಿಂತಿರುತ್ತಾರೆ. ಪಕ್ಕದಲ್ಲಿ ಯಾರೋ ಬಡವ ಮೈಕ್ ಹಿಡಿದು "ನಿಮ್ಮ ಮನೆಮನೆಗೂ ನೀರು ಕೊಡುತ್ತೇವೆ" ಅನ್ನುತ್ತಾನೆ. ಚಪ್ಪಾಳೆ ಮುದ್ದರಾಜಯ್ಯನವರಿಗೆ, ನೀರು ಹೋಗುವುದು ಬಡವನ ಬಾಯಿಂದ. ಒಂದು ಸಲ ಹೋದ ಬಾಯಿ ಮತ್ತೆ ಅದೇ ಮಾತಿಗೆ ಬರುವುದಿಲ್ಲ, ಹಾಗಾಗಿ ಪ್ರತಿ ಚುನಾವಣೆಗೂ ಹೊಸ ಬಾಯಿ ಬೇಕು. ನಮ್ಮ ಬೀದಿಯಲ್ಲಿ ನೀರು ಅನ್ನಲು ಬರುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಇದರಿಂದ ಅವರಿಗೆ ಇನ್ನೊಂದು ಅನುಕೂಲ. ನೀರು ಬರುತ್ತಿಲ್ಲ ಎಂದು ಪಂಚಾಯಿತಿಗೆ ದೂರು ಹೇಳಲು ಹೋದವರು ಕೌಂಟರಿನ ಮುಂದೆ ಬಾಯಿ ತೆರೆದು ನಿಲ್ಲುತ್ತಾರೆ. ಗುಮಾಸ್ತ "ಏನ್ ಬೇಕೂಂತ ಸರಿಯಾಗಿ ಹೇಳಿ" ಅಂತ ಗದರುತ್ತಾನೆ. ಅರ್ಜಿ ಬರೆದುಕೊಟ್ಟರೆ ತೆಗೆದು ಬೀರುವಿನೊಳಗೆ ಇಡುತ್ತಾನೆ.

ನಮ್ಮ ಯಜಮಾನರು ದೊರೆಸ್ವಾಮಿ ಈ ಕೆಲಸಕ್ಕೆ ಬಿದ್ದದ್ದು ದುಡ್ಡಿನ ಆಸೆಗಲ್ಲ, ಮೈಕಿನ ಹುಚ್ಚಿಗೆ. ಊರಿನಲ್ಲಿ ಸಿನಿಮಾ ಬದಲಾದರೆ, ಯಾರಾದರೂ ತೀರಿಕೊಂಡರೆ, ಸಂತೆಯಲ್ಲಿ ಮಗು ತಪ್ಪಿಸಿಕೊಂಡರೆ ಮೈಕ್ ಅಂಗಡಿಯವರ ಆಟೋದಲ್ಲಿ ಕೂತು ಸಾರುತ್ತ ಹೋಗುವವರು ಅವರೇ. ಕಂಠ ಅಂದರೆ ಅದು ಕಂಠ. ಮುದ್ದರಾಜಯ್ಯನ ಕಡೆಯವರು ಬಂದು "ನಿನ್ನ ಗಂಟಲಲ್ಲಿ ಹೇಳಿದ್ರೆ ಜನ ನಂಬ್ತಾರೆ ದೊರೆಸ್ವಾಮಿ" ಅಂದರೆ ಸಾಕು, ಶರ್ಟಿಗೆ ಇಸ್ತ್ರಿ ಹಾಕಿಸಿಕೊಳ್ಳುತ್ತಿದ್ದರು. ಬೇಡ ಅಂದೆ, ಜಗಳವಾಡಿದೆ, ಎರಡು ದಿನ ಒಲೆ ಹಚ್ಚದೆ ಕೂತೆ. "ಒಂದ್ ಪದ ತಾನೆ ಭದ್ರಾ, ನಮ್ಮ ಭಾಷೇಲಿ ಎಷ್ಟೊಂದಿವೆ" ಅನ್ನುತ್ತಿದ್ದರು.

ಐದು ವರ್ಷದ ಹಿಂದೆ ಅವರಿಗೆ ಬಂದ ಮಾತು ಬಸ್ಸು. ನಮ್ಮೂರಿನಲ್ಲಿ ಏಳನೇ ಕ್ಲಾಸಿನವರೆಗೆ ಶಾಲೆ, ಆಮೇಲೆ ಓದಬೇಕಾದರೆ ಗುಡ್ಡದಾಚೆಯ ಪೇಟೆಗೆ ಹೋಗಬೇಕು, ನಡೆದರೆ ಒಂದೂವರೆ ತಾಸು. ಬಸ್ಸು ಬರುವುದು ಮಧ್ಯಾಹ್ನ ಒಂದೇ ಸಲ. ಗಂಡುಹುಡುಗರು ಸೈಕಲ್ ತುಳಿದರು, ಹುಡುಗಿಯರು ಮನೆಯಲ್ಲಿ ಕೂತರು. ಬೆಳಗ್ಗೆ ಸಂಜೆ ಹೆಣ್ಣುಮಕ್ಕಳಿಗಾಗಿಯೇ ಬಸ್ಸು ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದರು. ನಮ್ಮ ನೀಲವೇಣಿ ಆ ವರ್ಷ ಏಳನೇ ಕ್ಲಾಸು ಮುಗಿಸಿದ್ದಳು. ಹಾಗಾಗಿ ಆ ಸಲ ನಾನೂ ಬೇಡ ಅನ್ನಲಿಲ್ಲ. ಈ ತಪ್ಪು ನನ್ನದೂ ಹೌದು.

ಸಂತೆ ಮೈದಾನದಲ್ಲಿ ಸಭೆ. ನಮ್ಮ ಯಜಮಾನರು ಬಸ್ಸು ಅನ್ನುತ್ತಿದ್ದಂತೆ, ಕೊಡುತ್ತೇವೆ ಅನ್ನುವ ಮೊದಲೇ, ಮುಂದಿನ ಸಾಲಿನಲ್ಲಿದ್ದ ಹೂವಿನ ಚಿಕ್ಕತಾಯಮ್ಮ ಎದ್ದು ನಿಂತಳು. ಆಕೆಗೆ ಮೂವರು ಮೊಮ್ಮಕ್ಕಳು, ಮೂವರೂ ಹೆಣ್ಣು.

"ಹೋದ್ ಸಲಾನೂ ಇನ್ಯಾರದೋ ಬಾಯಲ್ಲಿ ಇದೇ ಬಸ್ ಬಿಡಿಸಿದ್ರಲ್ಲ ದೊರೆಸ್ವಾಮಣ್ಣ, ಅದಿನ್ನೂ ದಾರೀಲೇ ಐತಾ?" ಅಂದಳು.

ಮೈದಾನವೆಲ್ಲ ನಕ್ಕಿತು. ಮೈಕ್ ಹಿಡಿದವರಿಗೆ ಜನ ನಗುವುದನ್ನು ಸಹಿಸಲಾಗುವುದಿಲ್ಲ. ಇವರ ಕಿವಿ ಕೆಂಪಗಾದದ್ದು ನನಗೆ ಹಿಂದಿನಿಂದಲೇ ಕಾಣಿಸಿತು. ಕಾಗದವನ್ನು ಮಡಿಸಿಬಿಟ್ಟರು, ಕೈ ಎತ್ತಿದರು, ಎದೆ ಬಡಿದುಕೊಂಡರು. "ನನ್ನ ಮಗಳ ಮೇಲೆ ಆಣೆ! ನೀಲವೇಣಿ ಮೇಲೆ ಆಣೆ! ಮೂರು ತಿಂಗಳಲ್ಲಿ ಬಸ್ಸು ಬಂದೇ ಬರುತ್ತೆ!"

ನಾನು "ಅಯ್ಯೋ" ಅಂದದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಆಣೆ ಇಟ್ಟರೆ ಯಾರ ಮೇಲೆ ಇಟ್ಟೆವೋ ಅವರೂ ಮಾತಿನ ಜೊತೆಗೇ ಹೋಗುತ್ತಾರೆ ಎಂಬುದು ನಮ್ಮೂರಿನ ಹಾಲು ಕುಡಿಯುವ ಕೂಸಿಗೂ ಗೊತ್ತು. ದೇವರ ಮೇಲೆ ಇಟ್ಟವರಿದ್ದಾರೆ, ಅವರು ಪೂಜೆಗೆ ಕೂತರೆ ಬರೀ ಗಂಟೆ ಅಲ್ಲಾಡಿಸುತ್ತಾರೆ. ಮಕ್ಕಳ ಮೇಲೆ ಯಾರೂ ಇಡುವುದಿಲ್ಲ. ಇಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೂ ನನ್ನ ಗಂಡ.

ಅವರು ಕೆಲಸ ಮುಗಿಸಿ ಬರುವಾಗ ಬೀದಿಯ ತಿರುವಿನಿಂದಲೇ ಆಟೋದಲ್ಲಿ ಕೂಗುವ ಧಾಟಿಯಲ್ಲೇ "ನೀಲವೇಣೀ" ಎಂದು ಕರೆಯುತ್ತಿದ್ದರು. ಬೀದಿಯಲ್ಲಿರುವ ಎಲ್ಲರಿಗೂ ಆಗ ಗಂಟೆ ಆರೂಕಾಲು ಎಂದು ಗೊತ್ತಾಗುತ್ತಿತ್ತು. ಇವಳು ಓಡಿಹೋಗಿ ಕೈಚೀಲ ಇಸಿದುಕೊಳ್ಳುತ್ತಿದ್ದಳು. ಅವತ್ತು ಕರೆ ಬರಲಿಲ್ಲ. ಬಾಗಿಲಿಗೆ ಬಂದು ನಿಂತರು. ಬಾಯಿ ತೆರೆದರು. ಇನ್ನೊಮ್ಮೆ ತೆರೆದರು. ಹುಡುಗಿ ಒಳಗೆ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದವಳು ತಲೆ ಎತ್ತಿ "ಏನಪ್ಪಾ?" ಅಂದಳು. ಅವರು ತಲೆ ಆಡಿಸಿ ಒಳಗೆ ಹೋಗಿ ಕಾಲು ತೊಳೆದುಕೊಂಡರು, ತುಂಬ ಹೊತ್ತು ತೊಳೆದುಕೊಂಡರು.

ಮೂರು ತಿಂಗಳು ಕಾದೆ. ಬಸ್ಸು ಬರಲಿಲ್ಲ. ಸೀದಾ ಮುದ್ದರಾಜಯ್ಯನ ಮನೆಗೆ ಹೋದೆ. ಆ ಮನುಷ್ಯ ಬೆತ್ತದ ಕುರ್ಚಿಯಲ್ಲಿ ಕೂತು, ಕುಡಿಯುವ ನೀರಿನ ಸಮಸ್ಯೆ, ಆಸ್ಪತ್ರೆಯ ಸಮಸ್ಯೆ, ಬಸ್ಸಿನ ಸಮಸ್ಯೆ ಎಲ್ಲದರ ಬಗ್ಗೆಯೂ ಅರ್ಧ ಗಂಟೆ ಮಾತಾಡಿದರು. ಅವರ ಬಾಯಲ್ಲಿ ಒಂದೇ ಒಂದು ಪದವೂ ಕಡಿಮೆಯಾಗಿರಲಿಲ್ಲ. ತುಂಬಿದ ಕಣಜದ ಹಾಗಿತ್ತು ಆ ಬಾಯಿ. ಕೂತು ಕೇಳಿದೆ.

"ಆಣೆ ಇಡೂಂತ ನಾವು ಹೇಳಿದ್ವಾ ತಾಯಿ?" ಅಂದರು ಕೊನೆಗೆ. ಪಕ್ಕದಲ್ಲಿದ್ದವನು ಕಾಗದ ತೆಗೆದು ತೋರಿಸಿದ. ನಿಜ, ಕಾಗದದಲ್ಲಿ ಆಣೆ ಇರಲಿಲ್ಲ.

"ನನ್ನ ಗಂಡನಿಗೆ ಮಗಳನ್ನ ಕರೆಯೋಕಾಗ್ತಿಲ್ಲ ಸ್ವಾಮಿ. ಒಂದು ಬಸ್ಸು ಬಿಡಿಸಿ, ಸಾಕು."

"ನೋಡೋಣ" ಅಂದರು.

ನಮ್ಮಂಥವರು ಮಾತು ತಪ್ಪಬಾರದೆಂದು ನೋಡೋಣ ಅನ್ನುತ್ತೇವೆ. ಅವರ ನೋಡೋಣ ಬೇರೆ. ಅಲ್ಲಿಂದ ಮನೆಯವರೆಗೂ ಆ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದುಕೊಂಡು ಬಂದೆ. ದೇವರ ದಯೆ, ಬೈಗುಳ ಒಂದೂ ಕಳೆದುಹೋಗಿರಲಿಲ್ಲ.

ನೀಲವೇಣಿಗೆ ಅಡ್ಡಹೆಸರು ಇಟ್ಟು ನೋಡಿದೆವು. ಪುಟ್ಟಿ ಅಂದೆವು, ಚಿನ್ನು ಅಂದೆವು. ಇವರು ಬಾಯಿ ತೆರೆಯುವಷ್ಟರಲ್ಲಿ ಅದೂ ಮಾಯ. ಹೆಸರು ಯಾವುದಾದರೇನು, ಆಣೆ ಇಟ್ಟದ್ದು ಅವಳ ಮೇಲೆ. ಕೊನೆಗೆ ಇವರು ಎರಡು ಸಲ ಚಪ್ಪಾಳೆ ತಟ್ಟಿ ಕರೆಯಲು ಶುರುಮಾಡಿದರು, ಅಂಗಳದಲ್ಲಿ ಕೋಳಿ ಓಡಿಸುವ ಹಾಗೆ. ನೀಲವೇಣಿ ಒಂದು ದಿನ ತಟ್ಟೆ ಸರಿಸಿ ಎದ್ದಳು. "ಅಮ್ಮಾ, ಅಪ್ಪಂಗೆ ಹೇಳು, ಚಪ್ಪಾಳೆಗೆ ನಾನು ತಿರುಗಿ ನೋಡಲ್ಲ. ಕರೆಯೋಕೆ ಬಂದಾಗ ಕರೀಲಿ."

ಹಟ ಅಂದರೆ ಹಟ. ಅವಳು ಗುಡ್ಡ ಹತ್ತಿ ಇಳಿದು ಹೈಸ್ಕೂಲು ಮುಗಿಸಿದಳು, ಕಾಲೇಜಿಗೂ ಹೋದಳು. ಜೊತೆಗೆ ಹನ್ನೊಂದು ಹುಡುಗಿಯರು ಹೊರಟಿದ್ದರು, ಕೊನೆಗೆ ಉಳಿದವರು ಇಬ್ಬರು. ಚಿಕ್ಕತಾಯಮ್ಮನ ಮೊಮ್ಮಕ್ಕಳು ಮೂವರೂ ಹೂ ಕಟ್ಟುತ್ತಿದ್ದಾರೆ. ಪ್ರತಿದಿನ ಸಂಜೆ ಇವರು ಗುಡ್ಡದ ಬುಡಕ್ಕೆ ಹೋಗಿ ನಿಲ್ಲುತ್ತಿದ್ದರು. ಅಪ್ಪ ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ, ಮಾತಿಲ್ಲದೆ ಬರುತ್ತಿದ್ದರು. ಪ್ರತಿ ಜೂನ್ ತಿಂಗಳಲ್ಲಿ ಅವಳ ಪುಸ್ತಕಗಳ ಲೇಬಲ್ ಮೇಲೆ ಹೆಸರು ಬರೆಯುವುದು ಮಾತ್ರ ಅವರದೇ ಕೆಲಸ. ಗುಂಡಗೆ ಬರೆದು, ಒಣಗಲಿ ಅಂತ ಊದಿ, ಒಂದೊಂದನ್ನೇ ಜೋಡಿಸಿಡುತ್ತಿದ್ದರು. ಆಗ ಅವರ ತುಟಿ ಅಲುಗುತ್ತಿತ್ತು. ನಾನು ನೋಡದವಳ ಹಾಗೆ ಸೂಜಿಗೆ ದಾರ ಪೋಣಿಸುತ್ತಿದ್ದೆ.

ಅವಳಿಗೆ ಹದಿನೆಂಟು ತುಂಬಿತು. ಮತದಾರರ ಪಟ್ಟಿಗೆ ಹೆಸರು ಬರೆದುಕೊಳ್ಳಲು ಕಚೇರಿಯಿಂದ ಒಬ್ಬರು ಬಂದರು. ಕನ್ನಡಕ, ಹೆಗಲಿಗೆ ಚೀಲ, ಕೈಯಲ್ಲಿ ರಟ್ಟಿನ ಪ್ಯಾಡು. "ಯಜಮಾನರನ್ನ ಕರೀರಿ" ಅಂದರು. ಇವರು ಬಂದು ನಿಂತರು.

"ಹೊಸದಾಗಿ ಯಾರನ್ನ ಸೇರಿಸ್ಬೇಕು?"

ಇವರು ಬಾಯಿ ತೆರೆದರು.

"ನಾನು ಹೇಳ್ತೀನಿ ಸ್ವಾಮಿ, ನಮ್ಮ ಮಗಳು ನೀಲವೇಣಿ" ಅಂದೆ.

"ನೀವು ಹೇಳಿದ್ರೆ ಆಗಲ್ಲಮ್ಮ. ಮನೆ ಯಜಮಾನರ ಬಾಯಿಂದ ಬರಬೇಕು."

"ಹೆತ್ತವಳು ನಾನು."

"ಇರಬಹುದಮ್ಮ. ನಿಯಮ."

ನೀಲವೇಣಿ ಒಳಗಿನಿಂದ ಅಂಕಪಟ್ಟಿ ತಂದಳು. ಇವರು ಹಲಗೆಯ ಮೇಲೆ ಹೆಸರು ಬರೆದು ತೋರಿಸಿದರು. ಬರಹ ನಡೆಯುವುದಿಲ್ಲ ಅಂದರು ಆ ಮನುಷ್ಯ. ನನಗೆ ತಲೆ ಕೆಟ್ಟುಹೋಯಿತು. ಓಟಿಗಾಗಿ ಇವಳ ಹೆಸರು ಕಿತ್ತುಕೊಂಡರು, ಈಗ ಆ ಹೆಸರಿಲ್ಲವೆಂದು ಇವಳ ಓಟನ್ನೂ ಕಿತ್ತುಕೊಳ್ಳುತ್ತಿದ್ದಾರೆ! "ಐದು ವರ್ಷ ಗುಡ್ಡ ಹತ್ತಿ ಇಳಿದ ಹುಡುಗಿ ಸ್ವಾಮಿ ಇವಳು, ನಿಮ್ಮ ಕಣ್ಣ ಮುಂದೆ ನಿಂತಿದಾಳೆ, ಇಲ್ಲ ಅಂತ ಬರ್ಕೊಂಡು ಹೋಗ್ತೀರಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಆತ ಪೆನ್ನಿಗೆ ಮುಚ್ಚಳ ಹಾಕಿದರು.

ಆಗ ಇವರು ಅಂಗಳಕ್ಕಿಳಿದು ಅವರಿಗೆ ಅಡ್ಡ ನಿಂತರು. "ಸ್ವಾಮಿ, ತಪ್ಪಾಗಿ ಬರ್ಕೊಂಡಿದೀರಿ. ಈ ಮನೆಗೆ ಯಜಮಾನ ನಾನಲ್ಲ."

"ಮತ್ಯಾರು?"

"ಇವಳು. ಭದ್ರಮ್ಮ. ಯಜಮಾನ ಅನ್ನೋ ಕಡೆ ಇವಳ ಹೆಸರು ಹಾಕ್ಕೊಳ್ಳಿ, ನನ್ನದು ಕೆಳಗೆ ಹಾಕಿ. ಇವಳ ಗಂಡ ಅಂತ ಬರೀರಿ."

ಆತ ನಿಯಮದ ಪುಸ್ತಕ ತಿರುವಿ ಹಾಕಿದರು. ಮನೆಯ ಯಜಮಾನ ತಾನಾಗಿ ಯಜಮಾನಿಕೆ ಬಿಟ್ಟುಕೊಡಕೂಡದು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಯಾರೂ ಹಾಗೆ ಬಿಟ್ಟುಕೊಟ್ಟಿರಲಿಲ್ಲ, ಅದಕ್ಕೇ ಇರಲಿಲ್ಲ. ನಾನು ಮಗಳ ಹೆಸರು ಹೇಳಿದೆ, ಆತ ಬರೆದುಕೊಂಡರು. ಅವತ್ತಿನಿಂದ ನಾನು ಇವರನ್ನು ಯಜಮಾನರು ಅನ್ನುವುದು ಬಿಟ್ಟಿದ್ದೇನೆ. ದೊರೆಸ್ವಾಮಿ ಅಂತಲೇ ಅನ್ನುತ್ತೇನೆ. ಅವರಿಗೂ ಅದು ಹಿತವಾಗಿಯೇ ಇದೆ.

ಚುನಾವಣೆ ಹತ್ತಿರ ಬಂತು. ಮುದ್ದರಾಜಯ್ಯನ ಕಡೆಯವನು ಮತ್ತೆ ನಮ್ಮ ಬಾಗಿಲಿಗೆ ಬಂದ. ಈ ಸಲ ಸೇತುವೆ ಅಂತೆ. "ಸಣ್ಣ ಪದ ದೊರೆಸ್ವಾಮಣ್ಣ, ನಿಮ್ಮನೇಲಿ ಯಾರು ಸೇತುವೆ ಅಂತಾರೆ?" ಅಂದ. ನಾನು ಕತ್ತರಿ ಹಿಡಿದೇ ಎದ್ದೆ. ದೊರೆಸ್ವಾಮಿ "ಆಗಲಿ" ಅಂದುಬಿಟ್ಟರು! ಅವನು ಹೋದ ಮೇಲೆ ನಾನು ಅವರ ಮುಖ ನೋಡಲಿಲ್ಲ. ನೀಲವೇಣಿ ನೋಡುತ್ತಲೇ ಇರಲಿಲ್ಲ, ಅವಳಿಗೆ ಹೊಸದೇನಲ್ಲ.

ಆದರೂ ಸಭೆಗೆ ನಾನೂ ನೀಲವೇಣಿಯೂ ಹೋದೆವು. ಅದೇ ಸಂತೆ ಮೈದಾನ, ಅದೇ ವೇದಿಕೆ, ಅದೇ ಮುಗಿದ ಕೈ. ದೊರೆಸ್ವಾಮಿ ಮೈಕಿನ ಮುಂದೆ ಬಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದರು.

"ಮಹಾಜನಗಳೇ, ಮೊದಲ್ನೇ ಸಲ ಇದೇ ಮೈಕಲ್ಲಿ ನಾನು ನಿಮಗೆ ಕೊಟ್ಟಿದ್ದು..." ಅಂದು ಬಾಯಿ ತೆರೆದು ನಿಂತರು. ಸ್ಪೀಕರಿನಲ್ಲಿ ಬರೀ ಉಸಿರು ಕೇಳಿಸಿತು. ಆಮೇಲೆ ಚಿಕ್ಕತಾಯಮ್ಮ ಕೂಗಿದಳು, "ನೀರು!"

"ಎರಡ್ನೇ ಸಲ ಕೊಟ್ಟಿದ್ದು..." ಮತ್ತೆ ಉಸಿರು. "ಬೀದಿದೀಪ!" ಅಂತ ನಾಲ್ಕಾರು ಜನ. "ಆಮೇಲೆ..." "ಆಸ್ಪತ್ರೆ!" "ಅದಾದ್ಮೇಲೆ..." "ಚರಂಡಿ! ಚರಂಡಿ!" ಈಗ ಇಡೀ ಮೈದಾನ ಕೂಗುತ್ತಿತ್ತು. ಕೆಲವರು ಬಾಯಿ ತೆರೆದರೂ ಸದ್ದು ಬರಲಿಲ್ಲ, ಅವರೂ ಯಾವಾಗಲೋ ಬಾಡಿಗೆಗೆ ಹೋದವರು. ಅಂಥವರು ಕೈ ಎತ್ತಿದರು. "ಹೋದ ಸಲ ಕೊಟ್ಟಿದ್ದು..." ಅಂದಾಗ ಹೆಂಗಸರೆಲ್ಲ "ಬಸ್ಸು!" ಅಂದದ್ದಕ್ಕೆ ಮುದ್ದರಾಜಯ್ಯನ ಮುಗಿದ ಕೈ ಬಿಚ್ಚಿಹೋಯಿತು.

"ಅದರ ಜೊತೆಗೆ..." ಅಂದರು ದೊರೆಸ್ವಾಮಿ. ಬಾಯಿ ತೆರೆದರು. ಈ ಸಲ ಯಾರೂ ಕೂಗಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಆದರೂ ಕೂಗಲಿಲ್ಲ. ನಾನು ಪಕ್ಕಕ್ಕೆ ತಿರುಗಿ "ನೀನೇ ಹೇಳೇ" ಅಂದೆ. ಅವಳು ಹಲ್ಲು ಕಚ್ಚಿ ತಲೆ ಆಡಿಸಿದಳು. ಕಣ್ಣು ತುಂಬಿತ್ತು. ಐದು ವರ್ಷದಲ್ಲಿ ಮೊದಲ ಸಲ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಮುದ್ದರಾಜಯ್ಯ ಬಂದು ಮೈಕ್ ಕಿತ್ತುಕೊಂಡರು. ಚಿಕ್ಕತಾಯಮ್ಮ ಬಿಡಲಿಲ್ಲ. "ಒಳ್ಳೇದಾಯ್ತು, ನೀವೇ ಹೇಳಿ ಸ್ವಾಮಿ! ಬಸ್ಸು ಕೊಡ್ತೀನಿ ಅಂತ ನಿಮ್ಮ ಬಾಯಲ್ಲಿ ಹೇಳಿ!" ಅಂದಳು. "ಹೇಳಿ! ಹೇಳಿ!" ಅಂತ ಎಲ್ಲರೂ ಶುರುಮಾಡಿದರು. ಅವರು ಗಂಟಲು ಸರಿಮಾಡಿಕೊಂಡರು, ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಅವರ ಕಡೆಯವರೆಲ್ಲ ಅಷ್ಟು ಹೊತ್ತಿಗೆ ವೇದಿಕೆ ಇಳಿದಿದ್ದರು.

"ನೋಡೋಣ" ಅಂದರು ಮೈಕಿನಲ್ಲಿ. ಅಷ್ಟು ದೊಡ್ಡದಾಗಿ ಆ ಮಾತನ್ನು ನಮ್ಮೂರು ಯಾವತ್ತೂ ಕೇಳಿರಲಿಲ್ಲ. ಹುಡುಗರು ಶಿಳ್ಳೆ ಹೊಡೆದರು.

ಓಟಿನ ದಿನ ಏಳು ಗಂಟೆಗೇ ಹೋಗಿ ಸಾಲಿನಲ್ಲಿ ನಿಂತೆವು. ನಾನು ಮೊದಲು, ಯಜಮಾನಿ ಅಲ್ಲವೆ. ನನ್ನ ಹಿಂದೆ ನೀಲವೇಣಿ, ಅವಳ ಹಿಂದೆ ದೊರೆಸ್ವಾಮಿ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಬಸ್ಸು ಬಂದಿರಲಿಲ್ಲ, ಬರುವ ಸುದ್ದಿಯೂ ಇರಲಿಲ್ಲ, ಗೆಲ್ಲುವವರು ಯಾರಾದರೂ ಅದು ಬರುತ್ತದೆಂಬ ನಂಬಿಕೆಯೂ ನನಗಿರಲಿಲ್ಲ. ಬೆರಳಿಗೆ ಶಾಯಿ ಹಾಕಿಸಿಕೊಂಡು, ಓಟು ಹಾಕಿ, ಬಾಗಿಲ ಹತ್ತಿರ ನಿಂತೆ. ಮುಂದೆ ಹೋಗಮ್ಮ ಅಂದ ಪೊಲೀಸಿನವನಿಗೆ ಮಗಳು ಬರಬೇಕು ಅಂದೆ.

ಮೇಜಿನ ಮೊದಲನೇ ಕುರ್ಚಿಯಲ್ಲಿ ಕೂತ ಅಧಿಕಾರಿ ಚೀಟಿ ನೋಡಿ, ಏಜೆಂಟರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು. "ನಾನೂರ ಹನ್ನೆರಡು. ನೀಲವೇಣಿ. ತಾಯಿ ಭದ್ರಮ್ಮ."

ನೀಲವೇಣಿ ಕೈ ಮುಂದೆ ಚಾಚಿದಳು. ಅವಳ ಹಿಂದಿನಿಂದ ದೊರೆಸ್ವಾಮಿ ಕತ್ತು ಉದ್ದ ಮಾಡಿದರು.

"ಸ್ವಾಮಿ, ಇನ್ನೊಂದ್ ಸಲ ಓದಿ. ಕೇಳಿಸ್ಲಿಲ್ಲ."

ಅಧಿಕಾರಿ ಮುಖ ಗಂಟಿಕ್ಕಿಕೊಂಡು ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ಓದಿದರು. ಹೊರಗಿನ ಸಾಲಿಗೂ ಕೇಳಿಸಿತು. ನೀಲವೇಣಿ ತಿರುಗಿ ಅಪ್ಪನನ್ನು ನೋಡಿದಳು.

ದೊರೆಸ್ವಾಮಿಯ ಕಿವಿಗೆ ಏನೂ ಆಗಿಲ್ಲ. ಆ ಮನುಷ್ಯನಿಗೆ ಸಂತೆಯ ಗಲಾಟೆಯಲ್ಲಿ ತಪ್ಪಿಸಿಕೊಂಡ ಮಗು ಅಳುವುದೂ ಕೇಳಿಸುತ್ತದೆ.